ಮಗಳಿಗೆ ನಾಟಕದ ಹುಚ್ಚು, ಪಿಯುಸಿ ಆದ ಮೇಲೆ ಎಲ್ಲಿಗೆ ಸೇರಿಸೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಪಿಯು ರಿಸಲ್ಟ್ ಬಂದ ವಾರದಿಂದ ಫೋನ್ ಶುರುವಾಗುತ್ತದೆ. ನಾನು ಬೆಂಗಳೂರಿನಲ್ಲಿ ಹೈಸ್ಕೂಲು, ಕಾಲೇಜು ಮಕ್ಕಳಿಗೆ ನಾಟಕ ಮಾಡಿಸುವವನು. "ಸರ್, ಇವಳು ಇಂಜಿನಿಯರಿಂಗ್ ಬೇಡ ಅಂತಿದ್ದಾಳೆ, ನಾಟಕ ಓದ್ತಾಳಂತೆ, ಎಲ್ಲಿಗೆ ಹಾಕೋದು?" ಅಂತ ಕೇಳುವ ಅಪ್ಪ ಅಮ್ಮಂದಿರ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಗಾಬರಿ. ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಶುಲ್ಕ, ವಯಸ್ಸಿನ ಮಿತಿ, ಅರ್ಜಿಯ ಕೊನೆಯ ದಿನ ಇವೆಲ್ಲ ವರ್ಷ ವರ್ಷ ಬದಲಾಗುತ್ತವೆ. ಅವನ್ನು ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಉಳಿದಂತೆ ಇಲ್ಲಿರುವ ಅಭಿಪ್ರಾಯಗಳು ನನ್ನವು. ಒಪ್ಪದವರು ರಂಗಭೂಮಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ನನ್ನ ಮಗಳಿಗೆ ನಿಜವಾಗಿ ಆಸಕ್ತಿ ಇದೆಯೋ, ಸುಮ್ನೆ ಚಪ್ಪಾಳೆ ಇಷ್ಟವೋ? ಗೊತ್ತಾಗೋದು ಹೇಗೆ?

ಚಪ್ಪಾಳೆ ಇಷ್ಟಪಡುವುದು ತಪ್ಪೇನಲ್ಲ. ಅದು ಬೇಡ ಅನ್ನುವ ನಟರನ್ನು ನಾನಂತೂ ನೋಡಿಲ್ಲ. ಆದರೆ ನೀವು ನೋಡಬೇಕಾದ್ದು ಅವಳ ದೃಶ್ಯ ಇಲ್ಲದ ದಿನ ಅವಳು ಏನು ಮಾಡುತ್ತಾಳೆ ಅನ್ನುವುದನ್ನು.

ನಮ್ಮ ತಾಲೀಮಿನಲ್ಲಿ ಇದು ಎದ್ದು ಕಾಣುತ್ತದೆ. ಒಬ್ಬ ಹುಡುಗ ಮುಖ್ಯ ಪಾತ್ರ ಮಾಡುತ್ತಿರುತ್ತಾನೆ. ತನ್ನ ಮಾತು ಮುಗಿದ ತಕ್ಷಣ ಮೂಲೆಗೆ ಹೋಗಿ ಮೊಬೈಲ್ ತೆಗೆಯುತ್ತಾನೆ. ಅದೇ ನಾಟಕದಲ್ಲಿ ಕಾವಲುಗಾರನ ಪಾತ್ರದ ಹುಡುಗಿಗೆ ಇರುವುದು ನಾಲ್ಕೇ ಮಾತು. ಅವಳು ಲೈಟ್ಸ್ ಮಾಡುವವರ ಪಕ್ಕ ನೆಲದ ಮೇಲೆ ಕೂತು, ಯಾವ ಮಾತಿಗೆ ಯಾವ ಲೈಟ್ ಆರುತ್ತದೆ ಅಂತ ಪೆನ್ಸಿಲ್‌ನಲ್ಲಿ ಸ್ಕ್ರಿಪ್ಟಿನ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಿರುತ್ತಾಳೆ. ಯಾರೂ ಹೇಳಿರುವುದಿಲ್ಲ. ಎರಡನೆಯವಳ ಅಪ್ಪ ಅಮ್ಮ ಫೋನ್ ಮಾಡಿದರೆ ನಾನು ಧೈರ್ಯವಾಗಿ "ಕಳಿಸಿ" ಅನ್ನುತ್ತೇನೆ. ಮೊದಲನೆಯವನ ಮನೆಯವರಿಗೆ "ಇನ್ನೊಂದು ವರ್ಷ ನೋಡೋಣ" ಅನ್ನುತ್ತೇನೆ. ನಾಟಕ ಶಾಲೆಯಲ್ಲಿ ವೇದಿಕೆಯ ಮೇಲೆ ಕಳೆಯುವ ಹೊತ್ತು ಕಡಿಮೆ. ವೇದಿಕೆ ಗುಡಿಸುವುದು, ಸೆಟ್ ಹೊರುವುದು, ಬೇರೆಯವರ ದೃಶ್ಯ ನೋಡುತ್ತಾ ಕೂರುವುದು, ಇದೇ ಜಾಸ್ತಿ. ಅದನ್ನು ಇಷ್ಟಪಡದವರಿಗೆ ಅಲ್ಲಿನ ದಿನಗಳು ತುಂಬಾ ಉದ್ದ ಅನ್ನಿಸುತ್ತವೆ.

ಸುಲಭದ ಪರೀಕ್ಷೆ ಬೇಕೆಂದರೆ, ನಿಮ್ಮ ಊರಿನ ಯಾವುದಾದರೂ ಹವ್ಯಾಸಿ ತಂಡಕ್ಕೆ ಒಂದು ನಾಟಕದ ಮಟ್ಟಿಗೆ ಬ್ಯಾಕ್‌ಸ್ಟೇಜ್ ಕೆಲಸಕ್ಕೆ ಕಳಿಸಿ. ಪಾತ್ರ ಇಲ್ಲ, ಬರೀ ಕೆಲಸ. ಪ್ರದರ್ಶನ ಮುಗಿದ ರಾತ್ರಿ ಮನೆಗೆ ಬಂದು ಅವಳು ಏನು ಮಾತಾಡುತ್ತಾಳೆ ಕೇಳಿ.

ಪಿಯುಸಿ ಮುಗಿಸಿ ನೇರವಾಗಿ ದೆಹಲಿಯ ಎನ್‌ಎಸ್‌ಡಿಗೆ ಸೇರಬಹುದಾ?

ಇಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ.

ಎನ್‌ಎಸ್‌ಡಿ ಅಂದರೆ ರಾಷ್ಟ್ರೀಯ ನಾಟಕ ಶಾಲೆ. ಅದು 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಅಡಿಯಲ್ಲಿ ಶುರುವಾಯಿತು. 1975ರಿಂದ ಸ್ವಾಯತ್ತ ಸಂಸ್ಥೆ. ಅಲ್ಲಿನ ಮೂರು ವರ್ಷದ ಡಿಪ್ಲೊಮಾಗೆ ಯಾವುದಾದರೂ ಪದವಿ ಆಗಿರಬೇಕು. ಜೊತೆಗೆ ಕನಿಷ್ಠ ಆರು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಬೇಕು. ಹಿಂದಿ, ಇಂಗ್ಲಿಷ್ ವ್ಯವಹಾರಕ್ಕೆ ಸಾಕಾಗುವಷ್ಟು ಬರಬೇಕು. ಮೊದಲ ಸುತ್ತಿನ ಆಯ್ಕೆ ದೇಶದ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ, ಬೆಂಗಳೂರೂ ಅದರಲ್ಲಿ ಸೇರಿರುತ್ತದೆ. ಅಲ್ಲಿ ಪಾಸಾದವರನ್ನು ದೆಹಲಿಗೆ ಕರೆದು ಕೆಲವು ದಿನ ಕಾರ್ಯಾಗಾರ ಮಾಡಿಸಿ ಅಂತಿಮ ಆಯ್ಕೆ ಮಾಡುತ್ತಾರೆ. ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನ ಇದೆ. ಸೀಟು ಮಾತ್ರ ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು.

ಅಂದರೆ ಹದಿನೇಳು, ಹದಿನೆಂಟರ ಹುಡುಗಿಗೆ ಎನ್‌ಎಸ್‌ಡಿ ಅನ್ನುವುದು ನಾಲ್ಕೈದು ವರ್ಷದ ನಂತರದ ಮಾತು. ಈಗಿನಿಂದ ಅಲ್ಲಿವರೆಗೆ ಏನು ಮಾಡುತ್ತಾಳೆ ಅನ್ನುವುದೇ ನಿಜವಾದ ಪ್ರಶ್ನೆ.

ಎನ್‌ಎಸ್‌ಡಿಯ ಬೆಂಗಳೂರು ಕೇಂದ್ರವೂ ಇದೆ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಅಲ್ಲಿನದು ಒಂದು ವರ್ಷದ ತರಬೇತಿ. ದೆಹಲಿಯದ್ದೂ ಇದೂ ಒಂದೇ ಅಂದುಕೊಂಡು ಅರ್ಜಿ ಹಾಕಬೇಡಿ. ಎರಡಕ್ಕೂ ಬೇರೆ ಬೇರೆ ಪ್ರಕಟಣೆ, ಬೇರೆ ಬೇರೆ ಆಯ್ಕೆ.

ಹಾಗಾದರೆ ಪಿಯುಸಿ ನಂತರ ಇರುವ ದಾರಿಗಳೇನು?

ಮೂರು ದಾರಿ. ರಂಗಭೂಮಿಯನ್ನೇ ವಿಷಯವಾಗಿ ಓದುವ ಪದವಿ. ಒಂದು ವರ್ಷ ಅಲ್ಲೇ ಉಳಿದು ಕಲಿಯುವ ರಂಗಶಾಲೆ. ಇಲ್ಲವೇ ಬಿಎ, ಬಿಕಾಂ, ಬಿಎಸ್ಸಿ ಯಾವುದೋ ಒಂದು ಪದವಿ ಓದುತ್ತಾ, ಸಂಜೆ ಹೊತ್ತು ಒಳ್ಳೆಯ ಹವ್ಯಾಸಿ ತಂಡದಲ್ಲಿ ದುಡಿಯುವುದು.

ನನ್ನನ್ನು ಕೇಳಿದರೆ ಮೂರನೆಯದರಿಂದ ಶುರು ಮಾಡಿ ಎರಡನೆಯದಕ್ಕೆ ಹೋಗುವುದು ಹೆಚ್ಚಿನ ಮಕ್ಕಳಿಗೆ ಸರಿ. ಪದವಿಯ ಮೂರು ವರ್ಷದಲ್ಲಿ ಆರು ನಾಟಕ ತಾನಾಗೇ ಆಗುತ್ತದೆ. ಇಪ್ಪತ್ತೊಂದಕ್ಕೆ ಹುಡುಗಿಗೆ ತನಗೆ ಏನು ಬೇಕು ಅನ್ನುವುದು ಗೊತ್ತಾಗಿರುತ್ತದೆ. ಆಮೇಲೆ ಒಂದು ವರ್ಷ ರಂಗಶಾಲೆ, ಆಮೇಲೂ ಹಸಿವು ಇದ್ದರೆ ಎನ್‌ಎಸ್‌ಡಿ. ಹದಿನೆಂಟಕ್ಕೇ ರಂಗಶಾಲೆಗೆ ಹೋದ ಕೆಲವರು ತುಂಬಾ ಚೆನ್ನಾಗಿ ಬೆಳೆದದ್ದನ್ನೂ ನೋಡಿದ್ದೇನೆ. ಆದರೆ ಅವರೆಲ್ಲ ಮನೆ ಬಿಟ್ಟು ಇರುವುದು ಮೊದಲೇ ರೂಢಿಯಾದ ಹಾಸ್ಟೆಲ್ ಮಕ್ಕಳು.

ಪದವಿ ಯಾಕೆ ಅಂತ ಹುಡುಗರು ಜಗಳ ಆಡುತ್ತಾರೆ. ಅವರಿಗೆ ದೊಡ್ಡ ರಂಗನಿರ್ದೇಶಕ ಬಿ.ವಿ. ಕಾರಂತರ ಕಥೆ ಹೇಳುತ್ತೇನೆ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು ಅವರು. ಆ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರೇ ಅವರನ್ನು ಎಂಎ ಓದಲು ಕಾಶಿಗೆ ಕಳಿಸಿದರು. ಅಲ್ಲಿಂದ ಕಾರಂತರು ಎನ್‌ಎಸ್‌ಡಿಗೆ ಹೋದರು, ಮುಂದೆ 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಕಂಪನಿ ನಾಟಕದ ಯಜಮಾನನಿಗೇ ಓದಿನ ಬೆಲೆ ಗೊತ್ತಿತ್ತು, ನಿನಗೆ ಗೊತ್ತಿಲ್ವಾ ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ನೀನಾಸಂ, ರಂಗಾಯಣ, ಸಾಣೇಹಳ್ಳಿ. ಇವುಗಳಲ್ಲಿ ವ್ಯತ್ಯಾಸ ಏನು?

ಮೂರೂ ಕನ್ನಡದಲ್ಲಿ ಕಲಿಸುತ್ತವೆ, ಮೂರರಲ್ಲೂ ಹೆಚ್ಚುಕಡಿಮೆ ಒಂದು ವರ್ಷದ ಕಲಿಕೆ, ಸೇರಲು ಪದವಿ ಕಡ್ಡಾಯವಲ್ಲ. ಆದರೆ ಮೂರರ ಹವೆಯೇ ಬೇರೆ.

ನೀನಾಸಂ ಇರುವುದು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ. ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು, ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು, ಊರೂರು ಸುತ್ತಿ ನಾಟಕ ಆಡುವ ತಿರುಗಾಟ 1985ರಲ್ಲಿ. ಅಲ್ಲಿ ದಿನ ಬೆಳಗ್ಗೆ ಬೇಗ ವ್ಯಾಯಾಮದಿಂದ ಶುರುವಾದರೆ ರಾತ್ರಿ ತಾಲೀಮಿನವರೆಗೆ ನಡೆಯುತ್ತದೆ. ಯಕ್ಷಗಾನದ ಹೆಜ್ಜೆಯೂ ಕಲಿಯಬೇಕು, ನಾಟಕ ಸಾಹಿತ್ಯವನ್ನೂ ಓದಬೇಕು. ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಮಾಲ್ ಇಲ್ಲದೆ ವಾರ ಕಳೆಯದ ಮಕ್ಕಳು ಮೊದಲ ತಿಂಗಳು ಅಳುತ್ತಾರೆ, ಕೊನೆಯ ತಿಂಗಳು ಬಿಟ್ಟು ಬರಲು ಅಳುತ್ತಾರೆ. ಓದುವ, ಚರ್ಚೆ ಮಾಡುವ ಸ್ವಭಾವದವರಿಗೆ ಹೇಳಿ ಮಾಡಿಸಿದ ಜಾಗ.

ಮೈಸೂರಿನ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ಸರ್ಕಾರಿ ರೆಪರ್ಟರಿ, ಅಂದರೆ ಕಾಯಂ ಕಲಾವಿದರಿರುವ ನಾಟಕ ತಂಡ. ಅದರ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಡಿಪ್ಲೊಮಾ ಇದೆ. ಇಲ್ಲಿನ ಲಾಭ ಏನೆಂದರೆ ಊರು ಮೈಸೂರು. ಕಲಾಮಂದಿರದ ಆವರಣದಲ್ಲೇ ಭೂಮಿಗೀತ, ವನರಂಗ ಅನ್ನುವ ರಂಗಮಂದಿರಗಳೆಲ್ಲ ಇವೆ. ವೃತ್ತಿಪರ ಕಲಾವಿದರು ತಾಲೀಮು ಮಾಡುವುದನ್ನು ಪಕ್ಕದಲ್ಲೇ ನೋಡಬಹುದು. ಬಹುರೂಪಿ ನಾಟಕೋತ್ಸವದ ಹೊತ್ತಿಗೆ ದೇಶದ ಬೇರೆ ಬೇರೆ ಭಾಷೆಯ ನಾಟಕ ಅಲ್ಲಿಗೇ ಬರುತ್ತವೆ. ಸರ್ಕಾರಿ ಸಂಸ್ಥೆ ಆದ್ದರಿಂದ ನಿರ್ದೇಶಕರು ಬದಲಾದಂತೆ ಒಟ್ಟಾರೆ ಹವೆಯೂ ಬದಲಾಗುತ್ತದೆ. ನೀವು ಸೇರುವ ವರ್ಷ ಯಾರಿದ್ದಾರೆ, ಯಾರು ಪಾಠ ಮಾಡುತ್ತಿದ್ದಾರೆ ವಿಚಾರಿಸಿ.

ಸಾಣೇಹಳ್ಳಿ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಮಠದ ಆಶ್ರಯದಲ್ಲೇ ರಂಗಭೂಮಿ ಬೆಳೆಸಿದರು. ಶಿವಸಂಚಾರ ಅನ್ನುವ ತಿರುಗಾಟದ ತಂಡ ಇದೆ, ರಂಗಪ್ರಯೋಗಶಾಲೆ ಇದೆ, ನವೆಂಬರ್ ಹೊತ್ತಿಗೆ ನಡೆಯುವ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ಬಯಲು ರಂಗಮಂದಿರದಲ್ಲಿ ಕಿಕ್ಕಿರಿದು ಕೂರುತ್ತಾರೆ. ಅಷ್ಟು ಜನರೆದುರು ದನಿ ಮುಟ್ಟಿಸುವುದು ಕಲಿತವರಿಗೆ ನಗರದ ಯಾವ ಸಭಾಂಗಣವೂ ದೊಡ್ಡದಲ್ಲ. ಮಠದ ಶಿಸ್ತು ಇರುತ್ತದೆ, ಸಸ್ಯಾಹಾರ, ಬೆಳಗ್ಗೆ ಬೇಗ ಏಳುವುದು. ಅದನ್ನು ತಿಳಿದೇ ಹೋಗಬೇಕು.

ಇವಲ್ಲದೆ ಮಂಡ್ಯ ರಮೇಶ್ ಅವರ ನಟನ ರಂಗಶಾಲೆ ಮೈಸೂರಿನಲ್ಲಿದೆ. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣಗಳಿವೆ. ಉತ್ತರ ಕರ್ನಾಟಕದವರು ಎಲ್ಲದಕ್ಕೂ ಬೆಂಗಳೂರಿನ ಕಡೆ ಮುಖ ಮಾಡುವ ಮೊದಲು ಇವುಗಳ ಕಾರ್ಯಾಗಾರಗಳ ಮೇಲೆ ಕಣ್ಣಿಡಿ.

ಪದವಿಯೇ ರಂಗಭೂಮಿಯಲ್ಲಿ ಆಗಬೇಕು ಅಂದರೆ?

ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದಕ್ಕೆಂದೇ ಇರುವುದು. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗದಲ್ಲಿ ನಾಟಕದಲ್ಲಿ ಸ್ನಾತಕೋತ್ತರ ಪದವಿ ಇದೆ. ಖಾಸಗಿಯವರಲ್ಲಿ ಕ್ರೈಸ್ಟ್‌ನಂಥ ಕಡೆ ಇಂಗ್ಲಿಷ್, ಸೈಕಾಲಜಿ ಜೊತೆ ರಂಗಭೂಮಿಯನ್ನೂ ಒಂದು ವಿಷಯವಾಗಿ ಓದಬಹುದು.

ಹೊರ ರಾಜ್ಯಕ್ಕೆ ಹೋಗಲು ತಯಾರಿದ್ದರೆ ಕೇರಳದ ತ್ರಿಶೂರಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಡ್ರಾಮಾ ಇದೆ. 1977ರಲ್ಲಿ ಜಿ. ಶಂಕರ ಪಿಳ್ಳೆ ಕಟ್ಟಿದ್ದು. ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ಬೆಳಗಾವಿ ಕಡೆಯವರಿಗೆ ಹತ್ತಿರ, ಮರಾಠಿ ಬಂದರೆ ಮಾತ್ರ ಒಳ್ಳೆಯದು. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯವೂ ಹಳೆಯ ಹೆಸರು. ಹೈದರಾಬಾದ್ ಮತ್ತು ಪಾಂಡಿಚೇರಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ರಂಗಭೂಮಿ ಇರುವುದು ಪದವಿ ಆದ ಮೇಲೆ.

ಪದವಿ ಕೋರ್ಸುಗಳ ತೊಂದರೆ ಒಂದಿದೆ. ಕೆಲವು ಕಡೆ ಅದು ಪರೀಕ್ಷೆಗೆ ಓದುವ ವಿಷಯವಾಗಿಬಿಡುತ್ತದೆ. ಭರತನ ರಸಸೂತ್ರದ ಮೇಲೆ ಹತ್ತು ಅಂಕಕ್ಕೆ ಟಿಪ್ಪಣಿ ಬರೆಯುತ್ತಾರೆ, ವರ್ಷಕ್ಕೆ ಒಂದು ನಾಟಕ ಆಡುತ್ತಾರೆ. ಹಾಗಾಗಿ ಸಿಲಬಸ್ ನೋಡಬೇಡಿ, ಕಳೆದ ವರ್ಷ ಎಷ್ಟು ನಾಟಕ ಆಡಿದಿರಿ ಅಂತ ಕೇಳಿ.

ಮಗ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾನೆ, ಓದೋದು ಕಷ್ಟ. ನೀನಾಸಂ ಆಗುತ್ತಾ?

ಆಗುತ್ತದೆ, ಆದರೆ ಈಗಲೇ ಶುರು ಮಾಡಬೇಕು. ದಿನಾ ಹತ್ತು ಪುಟ ಗಟ್ಟಿಯಾಗಿ ಓದಲಿ. ನಾಟಕವೇ ಆಗಬೇಕಂತಿಲ್ಲ, ಪೇಪರ್ ಆದರೂ ಸರಿ. ಅಲ್ಪಪ್ರಾಣ ಮಹಾಪ್ರಾಣ, ಳಕಾರ ಲಕಾರ, ಇವು ನಾಲಿಗೆಗೆ ಕೂತರೆ ಅರ್ಧ ಕೆಲಸ ಆಯಿತು. ಅಜ್ಜಿ ಮನೆಯಲ್ಲಿದ್ದರೆ ಅವರ ಎದುರು ಓದಲಿ, ತಿದ್ದುವವರು ಬೇಕು. ಮನೆಯಲ್ಲಿ ಕುಂದಾಪ್ರ ಕನ್ನಡವೋ, ಹಾಸನದ ಕಡೆಯದೋ, ಬೀದರ್‌ದೋ ಮಾತಾಡುತ್ತಿದ್ದರೆ ಅದನ್ನು ಬಿಡಿಸಬೇಡಿ. ರಂಗಶಾಲೆಯಲ್ಲಿ ಅದು ಆಸ್ತಿ.

ಸಂದರ್ಶನದಲ್ಲಿ ಏನು ಮಾಡಿಸುತ್ತಾರೆ? ಹೇಗೆ ತಯಾರಾಗೋದು?

ಸಾಮಾನ್ಯವಾಗಿ ತಯಾರಿ ಮಾಡಿದ ಒಂದು ಏಕಪಾತ್ರಾಭಿನಯ, ಒಂದು ಹಾಡು, ಕೊಟ್ಟ ಸನ್ನಿವೇಶಕ್ಕೆ ಅಲ್ಲೇ ಅಭಿನಯ, ಗುಂಪಿನಲ್ಲಿ ಆಟ, ಆಮೇಲೆ ಮಾತುಕತೆ. ಹಾಡು ಅಂದರೆ ಸಂಗೀತ ಬರಬೇಕಂತಿಲ್ಲ. ಸೋಬಾನೆ ಪದ, ಭಜನೆ, ಶಾಲೆಯಲ್ಲಿ ಕಲಿತ ಭಾವಗೀತೆ ಯಾವುದಾದರೂ ನಡೆಯುತ್ತದೆ.

ಏಕಪಾತ್ರಾಭಿನಯಕ್ಕೆ ಮಕ್ಕಳು ಯಾವಾಗಲೂ ದೊಡ್ಡ ರಾಜನನ್ನೋ, ಸಾಯುವ ವೀರನನ್ನೋ, ಹುಚ್ಚು ಹಿಡಿದ ತಾಯಿಯನ್ನೋ ಆರಿಸಿಕೊಳ್ಳುತ್ತಾರೆ. ಆಯ್ಕೆ ಮಾಡುವವರು ಅದೇ ಕಿರುಚಾಟವನ್ನು ಬೆಳಗಿನಿಂದ ಕೇಳಿ ಕಿವಿ ಮುಚ್ಚಿಕೊಂಡಿರುತ್ತಾರೆ. ನಿಮ್ಮ ಮಗಳ ವಯಸ್ಸಿಗೆ, ಅವಳ ಬದುಕಿಗೆ ಹತ್ತಿರವಾದ ಪಾತ್ರ ಆರಿಸಿ. ಎರಡು ನಿಮಿಷ ಸಾಕು. ಇಡೀ ನಾಟಕ ಓದಿರಬೇಕು, ಬರೀ ಆ ಪುಟ ಅಲ್ಲ. "ಈ ಮಾತು ಯಾರಿಗೆ ಹೇಳ್ತಿದ್ದಾಳೆ? ಇದಕ್ಕೆ ಮುಂಚೆ ಏನಾಯ್ತು?" ಅಂತ ಕೇಳಿದಾಗ ಮೇಲೆ ನೋಡುವವರು ಜಾಸ್ತಿ.

ನಾನು ಮಕ್ಕಳನ್ನು ಹೀಗೆ ತಯಾರು ಮಾಡುತ್ತೇನೆ. ಹುಡುಗಿ ತನ್ನ ಮಾತನ್ನು ಒಮ್ಮೆ ಪೂರ್ತಿ ಹೇಳುತ್ತಾಳೆ. ಸರಿ, ಈಗ ಅದೇ ಮಾತನ್ನು ಚಪಾತಿ ಲಟ್ಟಿಸುತ್ತಾ ಹೇಳು ಅನ್ನುತ್ತೇನೆ. ಮೊದಲಿಗೆ ನಗುತ್ತಾಳೆ. ಕೈ ಲಟ್ಟಿಸುತ್ತಿರುತ್ತದೆ, ದನಿ ಮಾತ್ರ ಇನ್ನೂ ಸಿಂಹಾಸನದ ಮೇಲೇ ಇರುತ್ತದೆ. ಮೂರನೇ ಸಲಕ್ಕೆ, ಹಿಟ್ಟು ಉದುರಿಸಲು ಬಗ್ಗಿದಾಗ ಒಂದು ಮಾತು ತಾನಾಗೇ ಸಣ್ಣದಾಗುತ್ತದೆ. ಅಲ್ಲಿ ಹಿಡಿಯಬೇಕು. ಆ ಸಣ್ಣ ದನಿ ಅವಳದ್ದು, ಉಳಿದದ್ದೆಲ್ಲ ಎಲ್ಲೋ ನೋಡಿ ಕಲಿತದ್ದು. ಸಂದರ್ಶನದಲ್ಲೂ ಇಂಥದ್ದೇ ಮಾಡಿಸುತ್ತಾರೆ. ಮೊದಲು ತೋರಿಸಿದ್ದು ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕಿಂತ, ಬದಲಾಯಿಸು ಅಂದಾಗ ಬದಲಾಗುತ್ತಾಳಾ ಅಂತ ನೋಡುತ್ತಾರೆ. ಕೋಚಿಂಗ್ ಸೆಂಟರಿನಲ್ಲಿ ಗಿಳಿಪಾಠ ಮಾಡಿಸಿ ಕಳಿಸಿದ ಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ.

ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗಲಿ. ಹುಡುಗಿಯರು ಬಳೆ, ಸರ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಅಪ್ಪ ಅಮ್ಮ ಗೇಟಿನ ಹೊರಗೆ ಟೀ ಕುಡಿಯುತ್ತಾ ಇರಲಿ.

ಇವನ ಗುರಿ ಸಿನಿಮಾ. ನಾಟಕ ಶಾಲೆಯಿಂದ ಅನುಕೂಲ ಆಗುತ್ತಾ?

ಅಚ್ಯುತ್ ಕುಮಾರ್, ಸತೀಶ್ ನೀನಾಸಂ, ಮಂಡ್ಯ ರಮೇಶ್ ಎಲ್ಲ ಹೆಗ್ಗೋಡಿನಲ್ಲಿ ಕಲಿತವರೇ. ಬಿ. ಜಯಶ್ರೀ ಎನ್‌ಎಸ್‌ಡಿಯವರು. ಹಾಗಾಗಿ ದಾರಿ ಇಲ್ಲ ಅನ್ನಲಾರೆ. ಆದರೆ ಈ ಹೆಸರುಗಳನ್ನು ಪೋಸ್ಟರಿನಂತೆ ಗೋಡೆಗೆ ಹಚ್ಚಿಕೊಂಡು ಶಾಲೆ ಆರಿಸಬೇಡಿ. ಅವರ ಜೊತೆ ಅದೇ ವರ್ಷ ಕಲಿತವರಲ್ಲಿ ಸಿನಿಮಾಕ್ಕೆ ಹೋಗದವರೇ ಜಾಸ್ತಿ. ಹೋದವರೂ ವರ್ಷಗಟ್ಟಲೆ ನಾಟಕ, ಸೀರಿಯಲ್ ಅಂತ ಓಡಾಡಿದ ಮೇಲೇ ಜನರ ಕಣ್ಣಿಗೆ ಬಿದ್ದದ್ದು.

ಸಿನಿಮಾವೇ ಬೇಕು ಅನ್ನುವವನಿಗೆ ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಕ್ಯಾಮೆರಾ ಎದುರಿನ ಅಭಿನಯಕ್ಕೇ ಬೇರೆ ಕೋರ್ಸ್ ಇದೆ. ಮೂರು ತಿಂಗಳಲ್ಲಿ ನಟನೆ ಕಲಿಸಿ, ಕೊನೆಗೆ ಚಾನ್ಸ್ ಗ್ಯಾರಂಟಿ ಅನ್ನುವ ಕಡೆ ಮಾತ್ರ ಹಣ ಕಟ್ಟಬೇಡಿ. ಚಾನ್ಸ್ ಕೊಡುವ ಅಧಿಕಾರ ಇರುವವರು ಕ್ಲಾಸ್ ನಡೆಸಿ ಫೀಸು ಕೇಳುತ್ತಾ ಕೂರುವುದಿಲ್ಲ, ಅಲ್ವಾ?

ನೇರವಾಗಿ ಕೇಳ್ತೀನಿ. ಇದರಿಂದ ಹೊಟ್ಟೆ ತುಂಬುತ್ತಾ?

ನಟನೆಯೊಂದರಿಂದಲೇ ತುಂಬುವುದು ಕಷ್ಟ. ರಂಗಭೂಮಿಯ ಸುತ್ತ ಇರುವ ಕೆಲಸಗಳನ್ನು ಸೇರಿಸಿಕೊಂಡರೆ ತುಂಬುತ್ತದೆ. ಕೋರ್ಸ್ ಮುಗಿದ ಮೊದಲ ವರ್ಷ ತುಂಬಾ ಜನ ತಿರುಗಾಟ, ಶಿವಸಂಚಾರದಂಥ ತಂಡಗಳಿಗೆ ಸೇರುತ್ತಾರೆ. ಊಟ, ಸಂಬಳ, ಜೊತೆಗೆ ರಾಜ್ಯದ ಮೂಲೆಮೂಲೆಯ ಅನುಭವ. ಆಮೇಲೆ ಶಾಲೆಗಳಲ್ಲಿ ನಾಟಕ ಮೇಷ್ಟ್ರ ಕೆಲಸ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲೂ ರಂಗಶಿಕ್ಷಕರಾಗಿ ನೇಮಕ ಆದವರಿದ್ದಾರೆ, ಖಾಸಗಿ ಶಾಲೆಗಳಲ್ಲಂತೂ ಬೇಡಿಕೆ ಇದೆ. ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರ. ಡಬ್ಬಿಂಗ್, ಸೀರಿಯಲ್, ಜಾಹೀರಾತು. ಕಂಪನಿಗಳಲ್ಲಿ ಕಾರ್ಯಾಗಾರ. ಲೈಟ್ಸ್, ಸೆಟ್, ಪ್ರಸಾಧನ ಗೊತ್ತಿದ್ದವರಿಗೆ ನಟರಿಗಿಂತ ಹೆಚ್ಚು ದಿನ ಕೆಲಸ ಇರುತ್ತದೆ, ಇದನ್ನು ಬರೆದಿಟ್ಟುಕೊಳ್ಳಿ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ರಂಗಭೂಮಿಯೂ ಅದರಲ್ಲಿ ಸೇರಿದೆ. ಅರ್ಜಿ ಹಾಕಿ, ಆದರೆ ಆ ಹಣ ನಂಬಿ ಬಾಡಿಗೆ ಮನೆ ಹಿಡಿಯಬೇಡಿ. ಸರ್ಕಾರದ ದುಡ್ಡು ತನಗೆ ಬೇಕಾದಾಗ ಬರುತ್ತದೆ.

ಹೆಣ್ಣು ಹುಡುಗಿಯನ್ನು ಒಂದು ವರ್ಷ ಹಳ್ಳಿಯಲ್ಲಿ ಬಿಡೋದು ಹೇಗೆ?

ಈ ಪ್ರಶ್ನೆಗೆ ನಗಬಾರದು, ಭಯ ನಿಜ. ಹಳ್ಳಿಯೋ ಪಟ್ಟಣವೋ ಅನ್ನುವುದಕ್ಕಿಂತ ಆ ಸಂಸ್ಥೆಯ ನಡವಳಿಕೆ ಮುಖ್ಯ. ನೋಡಲು ಹೋದಾಗ ಮುಜುಗರ ಪಡದೆ ಕೇಳಿ. ಹುಡುಗಿಯರ ಹಾಸ್ಟೆಲ್ ಯಾರ ಉಸ್ತುವಾರಿಯಲ್ಲಿದೆ? ರಾತ್ರಿ ತಾಲೀಮು ಮುಗಿದ ಮೇಲೆ ಹಾಸ್ಟೆಲಿಗೆ ಹೇಗೆ ಹೋಗುತ್ತಾರೆ? ಮಹಿಳಾ ಅಧ್ಯಾಪಕರಿದ್ದಾರಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಎಲ್ಲಿ ಹಾಕಿದ್ದೀರಿ ಅಂತ ಕೇಳಿ. ತಡವರಿಸಿದರೆ ಅದೇ ಉತ್ತರ.

ಮಗಳ ಹತ್ತಿರವೂ ಮಾತಾಡಿ. ತಾಲೀಮಿನಲ್ಲಿ ಕೈ ಹಿಡಿಯುವುದು, ಎತ್ತುವುದು, ಮೈ ತಾಗುವುದು ಎಲ್ಲ ಇರುತ್ತದೆ. ಅದು ಕೆಲಸದ ಭಾಗ. ಆದರೆ ಹೇಳದೆ ಕೇಳದೆ ಮುಟ್ಟುವುದನ್ನು, "ಕಲಾವಿದೆ ಆಗಬೇಕಾದರೆ ನಾಚಿಕೆ ಬಿಡಬೇಕು" ಅನ್ನುವ ಉಪದೇಶವನ್ನು ಸಹಿಸಬೇಕಾಗಿಲ್ಲ. ಅಂಥ ಮಾತು ಬಂದ ದಿನವೇ ಮನೆಗೆ ಫೋನ್ ಮಾಡು, ಕೋರ್ಸ್ ಅರ್ಧಕ್ಕೆ ಬಿಟ್ಟರೂ ನಾವು ಬೈಯಲ್ಲ ಅಂತ ಮೊದಲೇ ಹೇಳಿ. ಬೈಗುಳದ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಖರ್ಚು ಎಷ್ಟು ಬರುತ್ತೆ?

ರಂಗಶಾಲೆಗಳಲ್ಲಿ ಕಡಿಮೆ, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದಿಷ್ಟು, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಲಕ್ಷದ ಲೆಕ್ಕ. ಸಾಲ ಮಾಡಿ ನಾಟಕ ಓದಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂತು ಕಟ್ಟುವ ನಟ ಸಿಕ್ಕ ಸಿಕ್ಕ ಕೆಲಸ ಒಪ್ಪಿಕೊಳ್ಳಬೇಕಾಗುತ್ತದೆ.

ಅವಳಿಗೆ ನಟನೆಗಿಂತ ಲೈಟ್ಸ್, ಸೆಟ್ ಮೇಲೆ ಆಸೆ. ಅದಕ್ಕೆ ಎಲ್ಲಿ?

ಇಂಥವರು ಸಿಕ್ಕರೆ ತಂಡಗಳು ಬಿಡುವುದಿಲ್ಲ. ಒಂದು ವರ್ಷದ ಶಾಲೆಗಳಲ್ಲಿ ಎಲ್ಲರಿಗೂ ಎಲ್ಲ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಎನ್‌ಎಸ್‌ಡಿಯ ಮೂರು ವರ್ಷದಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಆಮೇಲೆ ಅಭಿನಯ ಅಥವಾ ವಿನ್ಯಾಸ, ನಿರ್ದೇಶನದ ಕಡೆ ಹೋಗಬಹುದು. ಅಲ್ಲಿವರೆಗೆ ರವೀಂದ್ರ ಕಲಾಕ್ಷೇತ್ರದಲ್ಲೋ, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಲೈಟ್ಸ್ ಮಾಡುವ ಹಿರಿಯರೊಬ್ಬರ ಹಿಂದೆ ಏಣಿ ಹಿಡಿದು ಓಡಾಡಲಿ. ಯಾವ ಕಾಲೇಜೂ ಅಷ್ಟು ಬೇಗ ಕಲಿಸುವುದಿಲ್ಲ. ವೈರ್ ಮುಟ್ಟುವ ಮೊದಲು ಚಪ್ಪಲಿ ಹಾಕಿಕೊಳ್ಳಲಿ.

ಕಾಲೇಜು ನೋಡಲು ಹೋದಾಗ ಏನು ಗಮನಿಸಬೇಕು?

ಪ್ರಿನ್ಸಿಪಾಲರ ಕೊಠಡಿಯಲ್ಲಿ ಕಾಫಿ ಕುಡಿದು ಬಂದರೆ ಏನೂ ತಿಳಿಯುವುದಿಲ್ಲ. ಸಂಜೆ ತಾಲೀಮಿನ ಹೊತ್ತಿಗೆ ಹೋಗಿ. ತಾಲೀಮು ನಡೆಯುವ ನೆಲ ನೋಡಿ. ಮರದ ಹಲಗೆಯೋ, ಗಟ್ಟಿ ಸಿಮೆಂಟೋ? ವರ್ಷವಿಡೀ ಸಿಮೆಂಟಿನ ಮೇಲೆ ಕುಣಿದ ಮಂಡಿ ಮೂವತ್ತಕ್ಕೇ ಕೈ ಕೊಡುತ್ತದೆ. ಲೈಬ್ರರಿಯಲ್ಲಿ ನಾಟಕದ ಪುಸ್ತಕಗಳ ಧೂಳು ನೋಡಿ. ಪ್ರಾಸ್ಪೆಕ್ಟಸ್‌ನಲ್ಲಿ ಇರುವ ದೊಡ್ಡ ಹೆಸರಿನವರು ವರ್ಷಕ್ಕೆ ಎಷ್ಟು ದಿನ ಇಲ್ಲಿರುತ್ತಾರೆ ಕೇಳಿ. ಒಂದು ದಿನ ಬಂದು ಭಾಷಣ ಮಾಡಿ ಫೋಟೊ ತೆಗೆಸಿಕೊಂಡು ಹೋದವರನ್ನೂ ಅಧ್ಯಾಪಕರ ಪಟ್ಟಿಗೆ ಸೇರಿಸುವ ಅಭ್ಯಾಸ ಇದೆ.

ಹೊರಗಿನ ನಿರ್ದೇಶಕರು ಬಂದು ನಾಟಕ ಮಾಡಿಸುತ್ತಾರಾ? ಒಬ್ಬರೇ ಗುರುವಿನ ಕೈಯಲ್ಲಿ ಕಲಿತ ಮಕ್ಕಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ, ಹತ್ತು ನಿಮಿಷ ಕೇಳಿದರೆ ಯಾವ ಶಾಲೆ ಅಂತ ಹೇಳಿಬಿಡಬಹುದು. ಮುಖ್ಯ ಪಾತ್ರಗಳು ಪ್ರತಿ ನಾಟಕದಲ್ಲೂ ಅದೇ ಇಬ್ಬರಿಗೆ ಹೋಗುತ್ತವಾ, ಸುತ್ತು ಬರುತ್ತವಾ? ಇದನ್ನು ಮೇಷ್ಟ್ರನ್ನು ಕೇಳಬೇಡಿ, ಹೊರಗೆ ಕಟ್ಟೆ ಮೇಲೆ ಕೂತಿರುವ ವಿದ್ಯಾರ್ಥಿಗಳನ್ನು ಕೇಳಿ. ಎರಡು, ಮೂರು ವರ್ಷದ ಹಿಂದೆ ಮುಗಿಸಿದವರ ನಂಬರ್ ಇಸಿದುಕೊಂಡು ಫೋನ್ ಮಾಡಿ. ಈಗ ಕಲಿಯುತ್ತಿರುವವರು ಎಲ್ಲವನ್ನೂ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಮಗಳು ಅಲ್ಲೇ ಥಿಯೇಟರ್ ಓದಬೇಕು ಅನ್ನುತ್ತಾಳೆ.

ಅಲ್ಲಿ ಮೊದಲು ತೀರ್ಮಾನ ಆಗಬೇಕಾದ್ದು ಬಿಎಫ್‌ಎನಾ, ಬಿಎನಾ ಅನ್ನುವುದು. ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಂದರೆ ಹೆಚ್ಚಿನ ಹೊತ್ತು ಸ್ಟುಡಿಯೊದಲ್ಲೇ, ಬೇರೆ ವಿಷಯಕ್ಕೆ ಜಾಗ ಕಡಿಮೆ. ಬಿಎ ಅಂದರೆ ರಂಗಭೂಮಿಯ ಜೊತೆ ಇನ್ನೊಂದು ವಿಷಯವನ್ನೂ ಗಟ್ಟಿಯಾಗಿ ಓದಬಹುದು. ಕಾರ್ನೆಗಿ ಮೆಲನ್‌ನಂಥ ಹಳೆಯ ಶಾಲೆಗಳಿಗೆ (ಅಲ್ಲಿ ನಾಟಕದ ಪದವಿ ಶುರುವಾದದ್ದು 1914ರಲ್ಲೇ) ಅಭಿನಯಕ್ಕೆ ಸೇರಬೇಕಾದರೆ ಅರ್ಜಿ, ಮಾರ್ಕ್ಸ್ ಜೊತೆ ಆಡಿಷನ್ನೂ ಇರುತ್ತದೆ. ಮೊದಲು ವಿಡಿಯೊ ಕಳಿಸಿ, ಅದರಲ್ಲಿ ಪಾಸಾದರೆ ಎದುರಿಗೆ ಕರೆಯುವುದು ಮಾಮೂಲು. ಹಾಗಾಗಿ ಹನ್ನೆರಡನೇ ಕ್ಲಾಸಿನ ಶುರುವಿಗೇ ಎರಡು ಬೇರೆ ಬೇರೆ ಬಗೆಯ ಪಾತ್ರಗಳು ತಯಾರಿರಬೇಕು. ಖರ್ಚು ವಿಪರೀತ. ಯೇಲ್‌ನ ನಾಟಕ ಶಾಲೆ 2021ರಿಂದ ಬೋಧನಾ ಶುಲ್ಕ ಬಿಟ್ಟಿದೆ, ಆದರೆ ಅದು ಪದವಿ ಆದವರಿಗೆ. ಹುಡುಗಿಗೆ ಕನ್ನಡ ಬಂದರೆ ಒಂದು ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬಂದು ಒಂದು ತಂಡದ ಜೊತೆ ಇರಲಿ. ಮೈಯಲ್ಲಿ ಸ್ವಲ್ಪ ಯಕ್ಷಗಾನವೋ ಕಂಸಾಳೆಯೋ ಇದ್ದ ನಟಿ ಅಲ್ಲಿನ ಕೋಣೆಯಲ್ಲಿ ಗುಂಪಿನಲ್ಲಿ ಗೋವಿಂದ ಆಗುವುದಿಲ್ಲ.

ಅಪ್ಪ ಒಪ್ಪುತ್ತಿಲ್ಲ. ನೀವು ಒಂದು ಮಾತು ಹೇಳ್ತೀರಾ, ಸರ್?

ಇದು ಮಕ್ಕಳೇ ಕೇಳುವ ಪ್ರಶ್ನೆ. ಇಲ್ಲಪ್ಪ, ಹೇಳಲ್ಲ. ನಾನು ಹೇಳಿದರೆ ಮನೆಯಲ್ಲಿ ವಿಲನ್ ಆಗುವುದು ನಾನು. ಅಪ್ಪನನ್ನು ನಾಟಕಕ್ಕೆ ಕರೆದುಕೊಂಡು ಬಾ, ನೀನಿರುವ ನಾಟಕಕ್ಕಲ್ಲ, ಬೇರೆ ಒಳ್ಳೆಯ ನಾಟಕಕ್ಕೆ. ಜೆ.ಪಿ. ನಗರದ ರಂಗಶಂಕರ ರಂಗಮಂದಿರಕ್ಕೆ ಆದರೆ ಟೈಮಿಗೆ ಸರಿಯಾಗಿ ಕರೆದುಕೊಂಡು ಬಾ, ತಡವಾದರೆ ಒಳಗೆ ಬಿಡುವುದಿಲ್ಲ. ಅಪ್ಪನಿಗೆ ಅಲ್ಲೇ ಇನ್ನೊಂದು ಕಾರಣ ಸಿಕ್ಕಿಬಿಡುತ್ತದೆ. ಆಮೇಲೆ ಕ್ಯಾಂಟೀನಿನಲ್ಲಿ ಏನಾದರೂ ತಿನ್ನಿಸಿ ನಿಧಾನಕ್ಕೆ ಮಾತು ತೆಗೆ. ಡಿಗ್ರಿ ಮುಗಿಸುತ್ತೇನೆ ಅಂತ ಮೊದಲೇ ಹೇಳು, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಅರ್ಜಿ ಹಾಕಿದ್ದೆವು, ಆಯ್ಕೆ ಆಗಲಿಲ್ಲ. ಮುಂದೇನು?

ಮುಂದಿನ ವರ್ಷ ಮತ್ತೆ ಹಾಕಿ. ಎರಡನೇ ಸಲ, ಮೂರನೇ ಸಲ ಸಿಕ್ಕವರು ಎಷ್ಟೋ ಜನ. ಹೆಚ್ಚಿನ ರಂಗಶಾಲೆಗಳ ಪ್ರಕಟಣೆ ಬೇಸಿಗೆಯಲ್ಲಿ ಬರುತ್ತದೆ, ಸಂದರ್ಶನ ಮಳೆ ಶುರುವಾಗುವ ಹೊತ್ತಿಗೆ. ಅಲ್ಲಿವರೆಗೆ ಪದವಿಗೆ ಸೇರಿಸಿ, ಒಂದು ತಂಡಕ್ಕೂ ಸೇರಿಸಿ. ಸಾಧ್ಯವಾದರೆ ಸಂದರ್ಶನ ಮಾಡಿದವರಿಗೇ ಒಂದು ಪತ್ರ ಬರೆದು "ನನ್ನಲ್ಲಿ ಏನು ಕಡಿಮೆ ಇತ್ತು?" ಅಂತ ಮಗಳೇ ಕೇಳಲಿ. ನೀವು ಕೇಳಬೇಡಿ. ಉತ್ತರ ಬರೆಯುವವರು ಇನ್ನೂ ಇದ್ದಾರೆ.